ಬಾಟ್ಲಿ ನೀರು ಹಾಗೇ ವಾಪಸ್ ಬರುತ್ತೆ, ಮೇಡಂ

ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಶಾಲೆ ಶುರುವಾಗಿ ಎರಡು ತಿಂಗಳಾಯಿತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಸಂಕಟ: ಮಗುವಿಗೆ ಇಂಗ್ಲಿಷ್ ಬರುವುದಿಲ್ಲ. 34 ವರ್ಷ ಬೆಂಗಳೂರಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಈ ಮಕ್ಕಳಿಗೇ ಇರಲಿ. ಆಸ್ತಿ ಜಗಳ, ಅತ್ತೆ ಜಗಳದ ಪತ್ರ ಬರೆದವರು ಒಂದು ತಿಂಗಳು ತಾಳ್ಮೆ ತಂದುಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್, ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಮಗಳು ಊರಲ್ಲಿ ಅಜ್ಜಿ ಹತ್ತಿರ ಇದ್ದು ನಾಲ್ಕನೇ ಕ್ಲಾಸ್‌ವರೆಗೆ ಕನ್ನಡ ಶಾಲೆಯಲ್ಲಿ ಓದಿದಳು. ಲೆಕ್ಕದಲ್ಲಿ ಚುರುಕು. ಈ ವರ್ಷ ಇಲ್ಲಿಗೆ ಕರೆದುಕೊಂಡು ಬಂದು ಐದನೇ ಕ್ಲಾಸ್‌ಗೆ ಇಂಗ್ಲಿಷ್ ಮೀಡಿಯಂ ಸೇರಿಸಿದೆವು. ಈಗ ಲೆಕ್ಕದಲ್ಲೂ 25ಕ್ಕೆ 6. ಕ್ಲಾಸಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್. ‘ಈ ಮಗು ಸ್ಲೋ, ಮೂರನೇ ಕ್ಲಾಸಲ್ಲಿ ಕೂರಿಸೋಣ, ನೀವು ಮನೆಯಲ್ಲೂ ಇಂಗ್ಲಿಷಲ್ಲೇ ಮಾತಾಡಿ’ ಅಂತಾರೆ ಮಿಸ್. ನಮಗಿಬ್ಬರಿಗೂ ಇಂಗ್ಲಿಷ್ ಬರಲ್ಲ. ಇನ್ನೊಂದು ಮಾತು. ಬೆಳಿಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟ್ಲಿ ಸಾಯಂಕಾಲ ಹಾಗೇ ವಾಪಸ್ ಬರುತ್ತೆ, ಮೇಡಂ. ಏನು ಮಾಡಲಿ?
— ಒಬ್ಬ ತಾಯಿ, ಲಗ್ಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನಮ್ಮ. ಆ ಬಾಟ್ಲಿಯಿಂದ.

ನೀರು ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ. ಒಂದಕ್ಕೆ ಹೋಗಬೇಕಾದರೆ ಮಿಸ್ಸನ್ನು ಕೇಳಬೇಕು. ಇಂಗ್ಲಿಷಲ್ಲಿ ಕೇಳಿ ತಪ್ಪಾದರೆ ಕ್ಲಾಸ್ ನಗುತ್ತದೆ, ಕನ್ನಡದಲ್ಲಿ ಕೇಳಿದರೆ ಹತ್ತು ರೂಪಾಯಿ. ಇದಕ್ಕಿಂತ ಬಾಯಾರಿಕೊಂಡು ಇರುವುದೇ ವಾಸಿ ಅಂತ ನಿಮ್ಮ ಮಗಳು ಲೆಕ್ಕ ಹಾಕಿರಬೇಕು. ನಾನು ಇಂಥ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ದೂರ ಯೋಚನೆ ಮಾಡುವ ಹುಡುಗಿಯನ್ನು ಸ್ಲೋ ಅನ್ನುವುದು ಹೇಗೆ?

ಇವತ್ತು ರಾತ್ರಿಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಗದರಬೇಡಿ. ಆಮೇಲೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿ: ‘ಮೇ ಐ ಗೋ ಟು ದ ಟಾಯ್ಲೆಟ್, ಮಿಸ್?’, ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’, ‘ಪ್ಲೀಸ್ ಸೇ ಇಟ್ ಅಗೇನ್’, ‘ಐ ಹ್ಯಾವ್ ಸ್ಟಮಕ್ ಪೇನ್’. ನಿಮಗೆ ಹೇಳಿಕೊಡಲು ಆಗದಿದ್ದರೆ ಬೀದಿಯಲ್ಲಿ ಕಾಲೇಜಿಗೆ ಹೋಗುವ ಯಾವ ಹುಡುಗಿಯಾದರೂ ಹೇಳಿಕೊಡುತ್ತಾಳೆ. ಆಟದ ಥರ ಮಾಡಿ. ನೀವು ಮಿಸ್, ಅವಳು ಹುಡುಗಿ. ಆಮೇಲೆ ಅವಳು ಮಿಸ್, ನೀವು ಹುಡುಗಿ. ವ್ಯಾಕರಣ, ಸ್ಪೆಲ್ಲಿಂಗ್ ಎಲ್ಲ ಆಮೇಲಿನ ಮಾತು. ಮೊದಲು ಮಗು ನೀರು ಕುಡಿಯಲಿ.

ಈಗ ಲೆಕ್ಕಕ್ಕೆ ಬರೋಣ. ಊರಲ್ಲಿ ಚುರುಕಾಗಿದ್ದವಳು ಎರಡು ತಿಂಗಳಲ್ಲಿ ದಡ್ಡಿಯಾಗುವುದಿಲ್ಲ. ಹಿಂದೆ ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ. ರವಿ ಹತ್ತಿರ 12 ಗೋಲಿ, ಸಲ್ಮಾ ಹತ್ತಿರ 7 ಗೋಲಿ, ‘ಹೌ ಮೆನಿ ಮೋರ್’ ಅಂತ ಪ್ರಶ್ನೆ. ಅವನು 19 ಅಂತ ಬರೆದಿದ್ದ. ಯಾಕಪ್ಪಾ ಅಂದರೆ, ‘ಮೋರ್ ಅಂದರೆ ಜಾಸ್ತಿ ಅಲ್ವಾ ಮಿಸ್, ಅದಕ್ಕೇ ಕೂಡಿದೆ’ ಅಂದ. ಸರಿ, ಸಲ್ಮಾಗಿಂತ ರವಿ ಹತ್ತಿರ ಎಷ್ಟು ಗೋಲಿ ಜಾಸ್ತಿ ಇದೆ ಅಂತ ಕನ್ನಡದಲ್ಲಿ ಕೇಳಿದೆ. ಮಾತು ಮುಗಿಯುವ ಮೊದಲೇ ‘ಐದು’ ಅಂದ. ಕಳೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೋತಿದ್ದು ಮೂರು ಇಂಗ್ಲಿಷ್ ಪದಗಳಿಗೆ. ನಿಮ್ಮ ಮಗಳ ಉತ್ತರ ಪತ್ರಿಕೆ ಹಿಡಿದುಕೊಂಡು ಅದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ ನೋಡಿ. ಆ 6 ಎಷ್ಟಾಗುತ್ತದೆ ಅಂತ ನನಗೆ ಬರೆದು ತಿಳಿಸಿ.

ಒಂದು ಸುಲಭದ ಉಪಾಯ ಇದೆ. ಯಾಕೋ ಇದನ್ನು ಯಾರೂ ಹೇಳುವುದಿಲ್ಲ. ಶಾಲೆ ರಾಜ್ಯ ಸಿಲಬಸ್ ಆಗಿದ್ದರೆ ಐದನೇ ಕ್ಲಾಸಿನ ಗಣಿತ ಪುಸ್ತಕ ಕನ್ನಡ ಮಾಧ್ಯಮದಲ್ಲೂ ಇಂಗ್ಲಿಷ್ ಮಾಧ್ಯಮದಲ್ಲೂ ಒಂದೇ. ಅದೇ ಪಾಠ, ಅದೇ ಲೆಕ್ಕ, ಭಾಷೆ ಮಾತ್ರ ಬೇರೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಯಜಮಾನರ ಫೋನಿಗೆ ಇಳಿಸಿಕೊಳ್ಳಿ, ಇಲ್ಲವೇ ಊರಿನ ಶಾಲೆಯಿಂದ ಒಂದು ಹಳೇ ಪುಸ್ತಕ ತರಿಸಿ. ನಾಳೆ ಕ್ಲಾಸಲ್ಲಿ ಆಗುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಓದಿಕೊಂಡು ಹೋಗಲಿ. ವಿಷಯ ಮೊದಲೇ ಗೊತ್ತಿದ್ದರೆ ಇಂಗ್ಲಿಷ್ ಪದಗಳು ತಾವಾಗಿ ಬಂದು ಕೂರುತ್ತವೆ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಮನೆ ಮಾಡಿಕೊಡಿ. ಮೊದಲನೆಯದರಲ್ಲಿ ಛೇದ, ಎರಡನೆಯದರಲ್ಲಿ ಡಿನಾಮಿನೇಟರ್, ಮೂರನೆಯದರಲ್ಲಿ ಅವಳೇ ಬರೆದ ಒಂದು ಚಿತ್ರ. ದಿನಕ್ಕೆ ಐದು ಪದ ಸಾಕು. ಹತ್ತಕ್ಕೆ ಹೋಗಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತಾಳೆ.

ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಅಂದರಲ್ಲ, ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ನಿಮಗೆ ಬಾರದ ಭಾಷೆಯಲ್ಲಿ ‘ಕಮ್, ಈಟ್, ಸ್ಲೀಪ್’ ಅಂತ ಮೂರು ಮಾತಾಡಿದರೆ ಮಗು ಕಲಿಯುವುದೂ ಮೂರೇ ಮಾತು. ಗಾರ್ಮೆಂಟ್ಸ್‌ನಲ್ಲಿ ದಿನಕ್ಕೆ ಎಷ್ಟು ಪೀಸ್ ಟಾರ್ಗೆಟ್, ಇವತ್ತು ಎಷ್ಟು ಕಮ್ಮಿ ಆಯಿತು, ಯಾಕೆ ಆಯಿತು, ಇದನ್ನೆಲ್ಲ ಕನ್ನಡದಲ್ಲಿ ಹೇಳಿ. ‘ಯಾಕೆ’, ‘ಅದರಿಂದ’, ‘ಆದರೂ’ ಅನ್ನುವ ಯೋಚನೆ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೂ ಬರುತ್ತದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಿಂದ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಹೊಸ ಭಾಷೆಯಲ್ಲಿ ಆಟ, ಮಾತುಕತೆಗೆ ಎರಡು ವರ್ಷ ಸಾಕು, ಪಾಠ ಓದಿ ಬರೆಯುವ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕು ಅಂತ ಅವರ ಲೆಕ್ಕ. ನಿಮ್ಮ ಮಗಳಿಗೆ ಕೊಟ್ಟಿರುವುದು ಎರಡು ತಿಂಗಳು!

ಇನ್ನು ಫೈನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನು ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗು ಹೆದರಿಕೆ ಇಲ್ಲದೆ ಕಲಿಯಬೇಕು, ಸಾಧ್ಯವಾದ ಮಟ್ಟಿಗೆ ತಾಯ್ನುಡಿಯಲ್ಲಿ ಕಲಿಯಬೇಕು ಅನ್ನುತ್ತದೆ 29ನೇ ಸೆಕ್ಷನ್. ತಾಯ್ನುಡಿ ಆಡಿದ್ದಕ್ಕೆ ದುಡ್ಡು ಕೀಳುವುದನ್ನು ನಾನಂತೂ ಕಿರುಕುಳ ಅಂತಲೇ ಕರೆಯುತ್ತೇನೆ. ಯಜಮಾನರನ್ನೂ ಕರೆದುಕೊಂಡು ಹೋಗಿ ಹೆಡ್‌ಮಿಸ್ ಹತ್ತಿರ ಮಾತಾಡಿ. ಕನ್ನಡದಲ್ಲೇ ಮಾತಾಡಿ. ಫೈನ್ ನಿಲ್ಲಿಸಿ ಅನ್ನಿ. ಕನ್ನಡ ಬರುವ ಹುಡುಗಿಯನ್ನು ಅವಳ ಪಕ್ಕ ಕೂರಿಸಲು ಹೇಳಿ. ಲೆಕ್ಕದ ಪರೀಕ್ಷೆಯನ್ನು ಒಂದು ಸಲ ಬಾಯಿಮಾತಲ್ಲಿ, ಕನ್ನಡದಲ್ಲಿ ಮಾಡಿ ನೋಡಲು ಕೇಳಿ. ಮೂರನೇ ಕ್ಲಾಸಿಗೆ ಇಳಿಸಲು ಮಾತ್ರ ಒಪ್ಪಬೇಡಿ. ಎಂಟು ವರ್ಷದ ಮಕ್ಕಳ ಜೊತೆ ಹತ್ತು ವರ್ಷದವಳನ್ನು ಕೂರಿಸಿದರೆ ಅವಳು ಇಂಗ್ಲಿಷ್ ಕಲಿಯುವ ಮೊದಲು ತಲೆ ತಗ್ಗಿಸುವುದನ್ನು ಕಲಿಯುತ್ತಾಳೆ. ಮಾತಿಗೆ ಬಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಆಫೀಸಿಗೆ ಒಂದು ಪುಟದ ಅರ್ಜಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಶಾಲೆ ಬದಲಾಯಿಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನನ್ನು ಮೊದಲೇ ಕೇಳಿದ್ದರೆ ಏಳನೇ ಕ್ಲಾಸ್‌ವರೆಗೆ ಕನ್ನಡದಲ್ಲೇ ಓದಿಸಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿ ಮಾಡಿಸಿ ಅನ್ನುತ್ತಿದ್ದೆ. ಈಗ ಫೀಸ್ ಕಟ್ಟಿ ಆಗಿದೆ. ದಸರಾ ರಜೆವರೆಗೆ ನೋಡಿ. ಅಷ್ಟರಲ್ಲಿ ಬಾಟ್ಲಿ ಖಾಲಿಯಾಗಿ ಬರಲು ಶುರುವಾದರೆ ಮಾರ್ಕ್ಸ್ ಎಷ್ಟೇ ಇರಲಿ, ಮುಂದುವರಿಸಿ. ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಬನ್ನಿ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದ್ದಾರೆ. ಅಲ್ಲಿ ಮಗು ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುವ ಟೀಚರ್ ಆದರೂ ಇರುತ್ತಾರೆ.

ಪ್ರಶ್ನೆ: ಮಗಳು, ಅಳಿಯ ಟೆಕ್ಸಾಸಿಗೆ ಹೋಗಿ ಎಂಟು ತಿಂಗಳಾಯಿತು. ಮೊಮ್ಮಗ ಎರಡನೇ ಕ್ಲಾಸು. ಶಾಲೆಯ ಫಾರಂನಲ್ಲಿ ಮನೆಮಾತು ಕನ್ನಡ ಅಂತ ಬರೆದಿದ್ದಕ್ಕೆ ಅವನನ್ನು ಇಎಸ್‌ಎಲ್ (ಮನೆಮಾತು ಬೇರೆ ಇರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು) ಅನ್ನುವ ಬೇರೆ ಕ್ಲಾಸಿಗೆ ಕಳಿಸುತ್ತಾರಂತೆ. ಇಲ್ಲಿ ಒಳ್ಳೇ ಇಂಗ್ಲಿಷ್ ಮೀಡಿಯಂನಲ್ಲೇ ಇದ್ದ ಮಗು. ಇದು ಅವಮಾನ ಅಲ್ವಾ? ಕನ್ನಡ ಅಂತ ಬರೆದದ್ದೇ ತಪ್ಪಾಯಿತಾ?
— ಒಬ್ಬ ಅಜ್ಜಿ, ಬಸವನಗುಡಿ

ಉತ್ತರ: ಅವಮಾನ ಖಂಡಿತ ಅಲ್ಲ. ಮೇಲಿನ ಪತ್ರ ಓದಿದಿರಲ್ಲ? ಲಗ್ಗೆರೆಯ ಹುಡುಗಿಗೆ ಸಿಗದಿರುವುದು ನಿಮ್ಮ ಮೊಮ್ಮಗನಿಗೆ ಸಿಗುತ್ತಿದೆ.

ಅಲ್ಲಿ ಇದು ಸುಮ್ನೆ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳಿಗೆ ಯಾವ ಸಹಾಯವೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟಿದ್ದೇವಲ್ಲ, ಇನ್ನೇನು ಭೇದ ಅನ್ನುವುದು ಶಾಲೆಯವರ ವಾದ. ಲೌ ಮನೆತನದವರ ಹೆಸರಿನ ಆ ಕೇಸ್ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಭಾಷೆ ಅರ್ಥವಾಗದ ಮಗುವಿಗೆ ಅದೇ ಪುಸ್ತಕ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ ಅಂತ 1974ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆಮೇಲೆ ಭಾಷೆಯ ಸಹಾಯ ಶಾಲೆಯ ಹೊಣೆಯಾಯಿತು. ಅದಕ್ಕೆ ಬೇರೆ ಫೀಸ್ ಇಲ್ಲ.

ಫಾರಂ ನೋಡಿ ಮಾತ್ರ ಹಾಕುವುದಿಲ್ಲ, ಒಂದು ಪರೀಕ್ಷೆಯನ್ನೂ ಮಾಡುತ್ತಾರೆ. ಪ್ರತಿ ವರ್ಷ ಮತ್ತೆ ಪರೀಕ್ಷೆ ಇರುತ್ತದೆ. ಮಟ್ಟಕ್ಕೆ ಬಂದ ಮಗುವನ್ನು ಹೊರಗೆ ಕಳಿಸುತ್ತಾರೆ. ಬೇಡ ಅನ್ನುವ ಹಕ್ಕು ತಂದೆ ತಾಯಿಗೆ ಇದೆ, ಆದರೆ ಅನ್ನಬೇಡಿ ಅಂತ ಮಗಳಿಗೆ ಹೇಳಿ. ಅವಳು ಟೀಚರನ್ನು ಒಂದೇ ಒಂದು ಪ್ರಶ್ನೆ ಕೇಳಲಿ: ಇವನು ಆ ಕ್ಲಾಸಿಗೆ ಹೋಗುವ ಹೊತ್ತಲ್ಲಿ ಇಲ್ಲಿ ಯಾವ ಪಾಠ ತಪ್ಪುತ್ತದೆ? ಗಣಿತವೋ ಆಟವೋ ತಪ್ಪುತ್ತಿದ್ದರೆ ಹೊತ್ತು ಬದಲಾಯಿಸಿ ಅನ್ನಲಿ. ಫಾರಂನಲ್ಲಿ ಕನ್ನಡ ಅಂತ ಬರೆದದ್ದು ನಿಜ ತಾನೇ? ಮತ್ತೇನು ತಪ್ಪು. ನಿಮ್ಮ ಪಾಲಿನ ಕೆಲಸ ವಾರಕ್ಕೆ ಎರಡು ಸಲ ವಿಡಿಯೋ ಕಾಲಿನಲ್ಲಿ ಕಥೆ ಹೇಳುವುದು. ‘ಹೌ ಆರ್ ಯೂ ಪುಟ್ಟಾ’ ಅಂತ ನೀವೂ ಶುರು ಹಚ್ಚಿಕೊಳ್ಳಬೇಡಿ.

ಪ್ರಶ್ನೆ: ಇದೆಲ್ಲ ರಗಳೆ ಯಾಕೆ? ಸರ್ಕಾರ ಒಂದರಿಂದ ನಾಲ್ಕನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ ಕಡ್ಡಾಯ ಮಾಡಿಬಿಟ್ಟರೆ ಮುಗಿಯಿತಲ್ಲ?
— ನಿವೃತ್ತ ಬ್ಯಾಂಕ್ ನೌಕರ, ರಾಜಾಜಿನಗರ

ಉತ್ತರ: ಮಾಡಿತ್ತು ಸ್ವಾಮಿ. 1994ರ ಆದೇಶ ಹೆಚ್ಚುಕಡಿಮೆ ಅದೇ, ಕನ್ನಡ ಇಲ್ಲವೇ ಮಗುವಿನ ತಾಯ್ನುಡಿ ಅಂತ. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಮಾಧ್ಯಮವನ್ನು ಸರ್ಕಾರ ಹೇರುವ ಹಾಗಿಲ್ಲ, ಅದು ತಂದೆ ತಾಯಿಯ ಆಯ್ಕೆ ಅಂತ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 1982ರ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಾನೂ ನಡೆದವಳು. ಆ ತೀರ್ಪು ಬಂದ ದಿನ ಊಟ ಸೇರಲಿಲ್ಲ. ಆದರೆ ಈಗ ನನ್ನ ವಾದ ಬೇರೆ. ಆಯ್ಕೆ ತಂದೆ ತಾಯಿಯದು ಸರಿ, ಫೀಸ್ ತೆಗೆದುಕೊಂಡು ಇಂಗ್ಲಿಷ್ ಬಾರದ ಮಗುವನ್ನು ಸೇರಿಸಿಕೊಂಡವರು ಯಾರು? ದಾರಿ ಹತ್ತಿಸುವ ಕೆಲಸವೂ ಅವರದೇ. ಅದನ್ನು ತಾಯಿ ಮೇಲೆ ಹಾಕಿ ‘ಟ್ಯೂಷನ್ ಕೊಡಿಸಿ’ ಅನ್ನುವುದು ಯಾವ ನ್ಯಾಯ?

ಪ್ರಶ್ನೆ: ನಾನು ಬೊಮ್ಮನಹಳ್ಳಿ ಕಡೆಯ ಸರ್ಕಾರಿ ಶಾಲೆಯ ಟೀಚರ್. ಒಂದನೇ ಕ್ಲಾಸಿನ ಇಂಗ್ಲಿಷ್ ಮಾಧ್ಯಮ ವಿಭಾಗ ಕೊಟ್ಟಿದ್ದಾರೆ. 31 ಮಕ್ಕಳು. ತೆಲುಗು, ತಮಿಳು, ಉರ್ದು, ಹಿಂದಿ, ಇಬ್ಬರು ನೇಪಾಳಿ, ಯಾದಗಿರಿ ಕಡೆಯ ನಾಲ್ವರು. ಕೆಲವರು ಬಾಯೇ ಬಿಡುವುದಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬೇಡಿ ಅನ್ನುತ್ತಾರೆ ಮೇಲಿನವರು. ನಿಜ ಹೇಳಬೇಕೆಂದರೆ ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ.
— ಹೆಸರು ಬೇಡ

ಉತ್ತರ: ಕೊನೆಯ ವಾಕ್ಯ ಬರೆಯುವ ಧೈರ್ಯ ಇತ್ತಲ್ಲ, ನೀವು ಒಳ್ಳೇ ಟೀಚರ್ ಆಗುತ್ತೀರಿ.

ಮೊದಲು ಯಾದಗಿರಿ ಮಕ್ಕಳ ವಿಷಯ. ಒಂದು ಮರದ ಚಿತ್ರ ತೋರಿಸಿ ‘ಇದೇನು’ ಅಂತ ಕೇಳಿ. ಅವರು ‘ಗಿಡ’ ಅನ್ನುತ್ತಾರೆ. ನಮ್ಮ ಕಡೆಯ ಟೀಚರುಗಳು ತಕ್ಷಣ ‘ತಪ್ಪು, ಮರ ಅನ್ನು’ ಅನ್ನುತ್ತೇವೆ. ಆ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಮಗು ಕನ್ನಡದಲ್ಲೇ ತಪ್ಪಿತಸ್ಥ ಆಗಿಬಿಟ್ಟಿತು, ಇನ್ನು ಇಂಗ್ಲಿಷಿಗೆ ಬಾಯಿ ಬಿಡುತ್ತದಾ? ನಾನೂ ಈ ತಪ್ಪು ಮಾಡಿದ್ದೇನೆ. ತುರುವೇಕೆರೆಯವಳಾದ ನಾನು ಒಬ್ಬ ಹುಡುಗನ ‘ಹೊಂಟೀನ್ರಿ’ ಕೇಳಿ ಕ್ಲಾಸಲ್ಲಿ ನಕ್ಕುಬಿಟ್ಟಿದ್ದೆ. ಆ ವರ್ಷ ಪೂರ್ತಿ ಅವನು ನನ್ನ ಪೀರಿಯಡ್‌ನಲ್ಲಿ ಮಾತಾಡಲಿಲ್ಲ.

ಅದೇ ಮರವನ್ನು ಒಂದು ದೊಡ್ಡ ಚಾರ್ಟಿನಲ್ಲಿ ಬರೆಯಿರಿ. ಸುತ್ತ ಎಲ್ಲರ ಪದ ಬರಲಿ: ಮರ, ಗಿಡ, ಚೆಟ್ಟು, ಮರಂ, ಝಾಡ್, ಪೇಡ್, ರೂಖ್. ನಡುವೆ ‘ಟ್ರೀ’. ಹತ್ತು ನಿಮಿಷದ ಕೆಲಸ. ತನ್ನ ಮನೆಯ ಪದ ಗೋಡೆ ಮೇಲೆ ಇದೆ ಅಂತ ನೇಪಾಳಿ ಮಗು ಮಾರನೇ ದಿನ ಅಪ್ಪನನ್ನು ಬಾಗಿಲವರೆಗೆ ಎಳೆದುಕೊಂಡು ಬಂದರೆ ಆಶ್ಚರ್ಯ ಪಡಬೇಡಿ.

ಬಾಯಿ ಬಿಡದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ‘ಸ್ಪೀಕ್’ ಅನ್ನಬೇಡಿ. ಹೊಸ ಭಾಷೆಯ ಮುಂದೆ ಮಕ್ಕಳು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತವೆ. ಹಾಲುಗಲ್ಲದ ಕೂಸು ಒಂದು ವರ್ಷ ಕೇಳಿಸಿಕೊಂಡ ಮೇಲೆ ತಾನೇ ‘ಅಮ್ಮ’ ಅನ್ನುವುದು? ‘ಟಚ್ ದ ಡೋರ್’, ‘ಗಿವ್ ಮೀ ದ ರೆಡ್ ಕ್ರಯಾನ್’ ಅನ್ನಿ. ಕೈಯಲ್ಲಿ, ಕಾಲಲ್ಲಿ ಉತ್ತರ ಕೊಡಲಿ. ಅರ್ಥವಾಗಿದೆ ಅಂತ ನಿಮಗೆ ಗೊತ್ತಾಗುತ್ತದೆ, ನಗೆಪಾಟಲಾಗುವ ಭಯ ಅವರಿಗೆ ಇರುವುದಿಲ್ಲ. ಮಾತು ಬಂದಾಗ ‘ಐ ಬನಾನಾ ಈಟ್’ ಅಂತ ಬರುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲದರಲ್ಲೂ ಕ್ರಿಯಾಪದ ಕೊನೆಗೇ ಬರುವುದು, ಮಗು ತನಗೆ ಗೊತ್ತಿರುವ ಅಚ್ಚಿನಲ್ಲಿ ಹುಯ್ಯುತ್ತಿದೆ. ‘ಓಹೋ, ಯೂ ಈಟ್ ಎ ಬನಾನಾ!’ ಅಂತ ಸರಿಯಾದ ವಾಕ್ಯ ತಿರುಗಿ ಹೇಳಿ, ಮುಂದೆ ಹೋಗಿ. ಕೆಂಪು ಪೆನ್ನು ಬೀರುವಿನಲ್ಲಿರಲಿ.

ಮೇಲಿನವರು ಬಂದಾಗ ಇಂಗ್ಲಿಷ್ ಮಾತಾಡಿ, ಹೋದ ಮೇಲೆ ಮಕ್ಕಳ ಭಾಷೆ ಮಾತಾಡಿ ಅಂತ ಹೇಳಿದರೆ ಸಂಪಾದಕರು ಬೈಯುತ್ತಾರೆ. ಹಾಗಾಗಿ ಹೇಳುವುದಿಲ್ಲ.

ನಿಮ್ಮ ಇಂಗ್ಲಿಷಿಗೆ: ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಿಂದ ಇರುವಂಥದ್ದು. ನಿಮ್ಮಂಥ ಟೀಚರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಇಲಾಖೆ ಮೂಲಕ ಹೆಸರು ಕೊಡಿ. ಕಥೆಗೆ ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ, ಪುಕ್ಕಟೆ. ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಸೋಮವಾರ ಕನ್ನಡದಲ್ಲಿ ಓದಿ, ಬುಧವಾರ ಅದೇ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಓದಿ. ಶನಿವಾರದ ಹೊತ್ತಿಗೆ ಮಕ್ಕಳೇ ಪುಟ ತಿರುಗಿಸುತ್ತಾರೆ.

ಪ್ರಶ್ನೆ: ಯುಕೆಜಿ ಮಗನಿಗೆ ಒಳ್ಳೆಯ ಸ್ಪೋಕನ್ ಇಂಗ್ಲಿಷ್ ಆ್ಯಪ್ ಯಾವುದು? ವರ್ಷಕ್ಕೆ 15 ಸಾವಿರದವರೆಗೆ ಕೊಡಬಹುದು.
— ಒಬ್ಬ ತಂದೆ, ಎಚ್‌ಎಸ್‌ಆರ್ ಲೇಔಟ್

ಉತ್ತರ: ಯಾವುದೂ ಬೇಡ. ಆ 15 ಸಾವಿರದಲ್ಲಿ ಎರಡೂ ಭಾಷೆಯ ಕಥೆ ಪುಸ್ತಕ ತಂದು ರಾತ್ರಿ ಪಕ್ಕದಲ್ಲಿ ಕೂತು ಓದಿ. ಉಳಿದ ದುಡ್ಡಲ್ಲಿ ಮಗನನ್ನು ಭಾನುವಾರ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಟೀಚರ್, ನಾನು ಪಾವಗಡ ಕಡೆಯವನು. ಎಸ್‌ಎಸ್‌ಎಲ್‌ಸಿ ಕನ್ನಡ ಮೀಡಿಯಂ, 625ಕ್ಕೆ 571. ಈಗ ವಿಜಯನಗರದಲ್ಲಿ ಹಾಸ್ಟೆಲ್, ಪಿಯುಸಿ ಸೈನ್ಸ್. ಲೆಕ್ಚರರ್ ಹೇಳುವುದು ಒಂದೂ ತಲೆಗೆ ಹೋಗುತ್ತಿಲ್ಲ. ನೀಟ್ ಬರೆಯುವ ಆಸೆ ಇತ್ತು. ಈಗ ಆರ್ಟ್ಸ್‌ಗೆ ಹೋಗಲಾ ಅನ್ನಿಸುತ್ತಿದೆ.
— ಒಬ್ಬ ವಿದ್ಯಾರ್ಥಿ

ಉತ್ತರ: ನಿನ್ನ ಜಾಗದಲ್ಲಿ 1976ರಲ್ಲಿ ನಾನಿದ್ದೆ, ಮರಿ. ತುರುವೇಕೆರೆಯಿಂದ ಬಂದು ಚಾಮರಾಜಪೇಟೆಯ ದೊಡ್ಡಮ್ಮನ ಮನೆಯಲ್ಲಿದ್ದು ಪಿಯುಸಿ ಸೈನ್ಸ್ ಸೇರಿದೆ. ಮೂರು ವಾರ ಮೊಮೆಂಟಮ್ ಅನ್ನುವುದು ಯಾವುದೋ ವಿಜ್ಞಾನಿಯ ಹೆಸರು ಅಂದುಕೊಂಡಿದ್ದೆ. ಸಂವೇಗ ಅಂತ ಗೊತ್ತಾದ ದಿನ ನಗು, ಅಳು ಒಟ್ಟಿಗೇ ಬಂತು. ಅದು ನನಗೆ ಹೈಸ್ಕೂಲಿನಲ್ಲೇ ನೀರು ಕುಡಿದಷ್ಟು ಸುಲಭವಾಗಿತ್ತು. ಕೇಳಲು ನಾಚಿಕೆ. ಫಿಸಿಕ್ಸ್ ಫೇಲಾದೆ, ಆಮೇಲೆ ಪಾಸ್ ಮಾಡಿಕೊಂಡೆ, ಬಿಎ ಸೇರಿದೆ. ಬಿಎ ಬಗ್ಗೆ ಬೇಜಾರಿಲ್ಲ. ಕೇಳದೇ ಇದ್ದದ್ದಕ್ಕೆ ಇವತ್ತಿಗೂ ಬೇಜಾರಿದೆ.

ಆರ್ಟ್ಸ್ ಇಷ್ಟ ಅಂತ ಹೋದರೆ ಸಂತೋಷ. ಇಂಗ್ಲಿಷಿಗೆ ಹೆದರಿ ಹೋಗಬೇಡ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಇದೆ. ಕನ್ನಡ ಆರಿಸಿಕೊಂಡರೆ ಪಕ್ಕದಲ್ಲಿ ಇಂಗ್ಲಿಷೂ ಇರುತ್ತದೆ. ಆದರೆ ತಯಾರಿಯ ಪುಸ್ತಕ ಜಾಸ್ತಿ ಇಂಗ್ಲಿಷಿನಲ್ಲೇ ಸಿಗುವುದರಿಂದ ಪದಗಳನ್ನು ಕಲಿಯದೆ ಗತಿಯಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪುಸ್ತಕ ತೆಗೆದುಕೋ. ನಿನಗೆ ಬಾಯಿಪಾಠ ಆಗಿರುವ ಕನ್ನಡ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡು ಪುಟಕ್ಕೆ ಪುಟ ಓದು. ದ್ಯುತಿಸಂಶ್ಲೇಷಣೆ ಗೊತ್ತಿರುವವನಿಗೆ ಫೋಟೋಸಿಂಥೆಸಿಸ್ ಎಷ್ಟರದು. ಪ್ರತ್ಯಾಮ್ಲ ಬೇಸ್ ಆಗುತ್ತದೆ, ವೇಗೋತ್ಕರ್ಷ ಆಕ್ಸಿಲರೇಷನ್ ಆಗುತ್ತದೆ. ಒಂದು ತಿಂಗಳ ಕೆಲಸ. ಹಾಸ್ಟೆಲ್‌ನಲ್ಲಿ ನಿನ್ನಂಥವರು ಇನ್ನೂ ನಾಲ್ಕು ಜನ ಇದ್ದೇ ಇರುತ್ತಾರೆ, ಅವರನ್ನೂ ಕೂರಿಸಿಕೋ. ಲೆಕ್ಚರರ್ ಕ್ಲಾಸ್ ಮುಗಿಸಿ ಹೊರಗೆ ಬಂದಾಗ ಕಾರಿಡಾರಿನಲ್ಲಿ ‘ಸಾರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ’ ಅಂತ ಕೇಳು. ಬೈದರೆ ಇನ್ನೊಬ್ಬರನ್ನು ಕೇಳು.

ಫಿಸಿಕ್ಸ್‌ನಲ್ಲಿ ನಿನ್ನನ್ನು ತಡೆಯುತ್ತಿರುವ ಇಪ್ಪತ್ತು ಪದ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸು. ಈ ಟೀಚರಮ್ಮನಿಗೆ ಸೈನ್ಸ್ ಮರೆತುಹೋಗಿದೆ, ಆದರೆ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಫಿಸಿಕ್ಸ್ ಲೆಕ್ಚರರ್ ಇದ್ದಾರೆ. ಸಾಯಂಕಾಲ ಕಾಫಿಗೆ ಬಂದಾಗ ಕೂರಿಸಿಕೊಂಡು ಬರೆಸುತ್ತೇನೆ.